ಆಷಾಢದಲ್ಲಿ ಹೊಸ ಹೋಟೆಲು: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ 2026ರಲ್ಲಿ ರೂಮು ಹಿಡಿಯುವ ಕ್ರಮ

ಹೊಸ ವರ್ಷದ ಕ್ಯಾಲೆಂಡರ್ ಕೈಗೆ ಬಂದ ಕೂಡಲೇ ಎಲ್ಲರೂ ಸರಕಾರಿ ರಜೆ ಎಷ್ಟಿವೆ ಎಂದು ಎಣಿಸುತ್ತಾರೆ. ಹೊಸದಾಗಿ ತೆರೆದ ಹೋಟೆಲುಗಳಲ್ಲಿ ಒಂದೆರಡು ರಾತ್ರಿ ತಂಗುವ ಆಸೆ ಇದ್ದವರು ನೋಡಬೇಕಾದದ್ದು ಬೇರೆ. ಆಷಾಢ ಯಾವಾಗ ಹಿಡಿಯುತ್ತದೆ, ಅಧಿಕ ಮಾಸ ಇದೆಯೋ ಇಲ್ಲವೋ, ಲಗ್ನದ ಮುಹೂರ್ತಗಳು ಯಾವ ವಾರ ಒತ್ತೊತ್ತಾಗಿವೆ. ನಮ್ಮ ಕಡೆ ಹೊಸ ಹೋಟೆಲಿನ ಹಣೆಬರಹ ಬರೆಯುವವರು ಪ್ರವಾಸಿಗರಲ್ಲ, ಬೀಗರು.

ಹೊಸ ಕಟ್ಟಡದ ಮುಂದೆ ನಿಂತು ಕತ್ತೆತ್ತಿ ನೋಡಿ. ಕೆಳಗೆ ಪಾರ್ಕಿಂಗ್, ಅದರ ಮೇಲೆ ಇಡೀ ಮಹಡಿಗೆ ಹರಡಿದ ಪಾರ್ಟಿ ಹಾಲ್, ಪಕ್ಕದಲ್ಲಿ ಹುಲ್ಲುಹಾಸಿನ ಲಾನ್, ಅವುಗಳ ಮೇಲೆ ರೂಮುಗಳು. ಮಾಲೀಕ ಸಾಲ ತೀರಿಸುವುದು ಹಾಲ್‌ನ ಬಾಡಿಗೆಯಿಂದ. ರೂಮು ಅದರ ಜೊತೆಗೆ ಬರುವ ಮೇಲುಸಂಪಾದನೆ. ಲಗ್ನ ಇದ್ದ ದಿನ ಲಿಫ್ಟು, ಬಿಸಿ ನೀರು, ಅಡುಗೆಯವರು, ರೂಮ್ ಬಾಯ್ ಎಲ್ಲರೂ ಮದುವೆ ಮನೆಯವರ ಕಡೆಗೇ. ಆನ್‌ಲೈನ್‌ನಲ್ಲಿ ಬುಕ್ ಮಾಡಿ ಬಂದ ಇಬ್ಬರು ರಾತ್ರಿ ಹನ್ನೊಂದರವರೆಗೆ ಡಿಜೆ ಕೇಳುತ್ತ, ಚಾದ ದಾರಿ ಕಾಯುತ್ತ ಕೂರಬೇಕು. ಅದೇ ಹೋಟೆಲು ಲಗ್ನವಿಲ್ಲದ ದಿನ ಅರಮನೆ.

ಹೋಟೆಲುಗಳ ಹೆಸರಿನ ಪಟ್ಟಿ ಇಲ್ಲಿ ಕೊಡುತ್ತಿಲ್ಲ. ಬೋರ್ಡು ಬದಲಾಗುತ್ತದೆ, ನಡೆಸುವವರು ಬದಲಾಗುತ್ತಾರೆ, ಉದ್ಘಾಟನೆಯ ತಾರೀಖು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಆರಿಸುವ ಕ್ರಮ ಗೊತ್ತಿದ್ದರೆ ಯಾವ ಹೆಸರು ಬಂದರೂ ನೀವೇ ಅಳೆಯಬಹುದು.

ಮೊದಲು ಪಂಚಾಂಗ, ಆಮೇಲೆ ಹೋಟೆಲು

ತಾರೀಖು ಮೊದಲು ಗೊತ್ತುಮಾಡಿ. ವರ್ಷದಲ್ಲಿ ಲಗ್ನ ನಡೆಯದ ಕೆಲವು ತುಂಡು ಕಾಲಗಳಿವೆ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗಿನ ಧನುರ್ಮಾಸ, ಆಷಾಢ, ಪಿತೃಪಕ್ಷ. 2026ರಲ್ಲಿ ಇವುಗಳ ಜೊತೆಗೆ ಅಧಿಕ ಜ್ಯೇಷ್ಠವೂ ಬಂದಿದೆ, ಮೇ 17ರಿಂದ ಜೂನ್ 15ರವರೆಗೆ. ಬೇಸಿಗೆ ರಜೆಯ ಕೊನೆಯ ಎರಡು ವಾರ ಸಾಮಾನ್ಯವಾಗಿ ಲಗ್ನದ ಸುಗ್ಗಿ. ಈ ಸಲ ಅಷ್ಟೂ ದಿನ ಹಾಲ್‌ಗಳು ಖಾಲಿ ಹೊಡೆಯುತ್ತವೆ. ಮಕ್ಕಳಿರುವ ಮನೆಯವರಿಗೆ ಇಂಥ ಯೋಗ ಮತ್ತೆ ಮತ್ತೆ ಬರುವುದಿಲ್ಲ. ಶಾಲೆ ತೆರೆಯುವ ಮುಂಚೆ ಮೇ ಕೊನೆಯ ವಾರ ಹಿಡಿದುಬಿಡಿ.

ಮಕ್ಕಳ ರಜೆಯ ಹಂಗಿಲ್ಲದವರಿಗೆ ನನ್ನ ಮತ ಆಷಾಢಕ್ಕೆ. 2026ರಲ್ಲಿ ಅದು ಜುಲೈ ನಡುವಿನಿಂದ ಆಗಸ್ಟ್ 12ರ ಅಮಾವಾಸ್ಯೆಯವರೆಗೆ. ಧಾರವಾಡದಲ್ಲಿ ಆಗ ಜಿಟಿಜಿಟಿ ಮಳೆ, ಮಲೆನಾಡಿನ ಸೆರಗು ಅದು. ಸಾಧನಕೇರಿಯ ದಂಡೆ, ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡ, ಹುಬ್ಬಳ್ಳಿಯ ನೃಪತುಂಗ ಬೆಟ್ಟ ಎಲ್ಲ ಹಸಿರು. ಫ್ಯಾನ್ ಹಾಕಿದರೂ ಚಳಿ, ಎಸಿಗೆ ದುಡ್ಡು ಸುರಿಯುವ ಮಾತೇ ಇಲ್ಲ. ಇನ್ನೂ ಮುಖ್ಯವಾದದ್ದೆಂದರೆ ಕಟ್ಟಡದ ಪರೀಕ್ಷೆ ನಡೆಯುವುದೇ ಈ ತಿಂಗಳಲ್ಲಿ. ಹೊಸ ಗೋಡೆಯಲ್ಲಿ ಎಲ್ಲಿ ಸೋರುತ್ತದೆ, ಯಾವ ಕಿಟಕಿಯ ಸಂದಿಯಲ್ಲಿ ನೀರು ಒಳಗೆ ಬರುತ್ತದೆ, ಬಚ್ಚಲ ಗಟಾರ ಎಲ್ಲಿ ನಾರುತ್ತದೆ ಎಂಬುದು ಮೊದಲ ಮಳೆಯಲ್ಲೇ ಬಯಲು. ಬೇಸಿಗೆಯಲ್ಲಿ ತೆರೆದ ಹೋಟೆಲಿಗೆ ಆಷಾಢದ ಮೊದಲ ವಾರ ಹೋಗಬೇಡಿ. ಎರಡು ವಾರ ಮಳೆ ಹೊಡೆದ ಮೇಲೆ ಅಲ್ಲಿ ಉಳಿದು ಬಂದವರು ಏನು ಬರೆದಿದ್ದಾರೆ ಓದಿ, ಆಮೇಲೆ ಹೊರಡಿ.

ಪಿತೃಪಕ್ಷ 2026ರಲ್ಲಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ 10ರ ಮಹಾಲಯ ಅಮಾವಾಸ್ಯೆಯವರೆಗೆ. ಬಿಸಿಲು ಇನ್ನೂ ಏರಿರುವುದಿಲ್ಲ. ಗದಗ-ಲಕ್ಕುಂಡಿ ಸುತ್ತಲು ಒಳ್ಳೆಯ ಕಾಲ.

ಲಗ್ನ ಇಲ್ಲದ ದಿನವೂ ಊರು ತುಂಬುವುದುಂಟು. ಶಿವರಾತ್ರಿಗೆ ಹುಬ್ಬಳ್ಳಿಯ ಸಿದ್ಧಾರೂಢ ಮಠದ ಜಾತ್ರೆ, ಮರುದಿನ ತೇರು. 2026ರ ಶಿವರಾತ್ರಿ ಫೆಬ್ರವರಿ 15ಕ್ಕೆ. ಆ ಎರಡು ಮೂರು ದಿನ ಹಳೇ ಹುಬ್ಬಳ್ಳಿ ಕಡೆ ಕಾಲಿಡಲು ಜಾಗ ಇರುವುದಿಲ್ಲ. ಭಕ್ತಿಯಿಂದ ಬರುವವರು ಬರಲಿ, ಹೋಟೆಲು ನೋಡಲು ಬರುವವರು ಬೇರೆ ದಿನ ಹುಡುಕಲಿ. ಸೆಪ್ಟೆಂಬರ್ ಸುಮಾರಿಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ, ಆಗ ರಸ್ತೆಯ ತುಂಬ ಟ್ರ್ಯಾಕ್ಸು, ಟೆಂಪೊ. ಬೆಳಗಾವಿಯಲ್ಲಿ ಅಧಿವೇಶನ ನಡೆದಾಗ ಅಲ್ಲಿ ರೂಮು ಸಿಗದ ಮಂದಿ ಧಾರವಾಡ, ಹುಬ್ಬಳ್ಳಿಯ ರೂಮುಗಳಿಗೂ ಬರುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆ ಇದ್ದ ಭಾನುವಾರದ ಹಿಂದಿನ ರಾತ್ರಿ ಧಾರವಾಡದಲ್ಲಿ ಅಗ್ಗದ ಲಾಡ್ಜ್ ಸಿಗುವುದು ಕಷ್ಟ. ಈ ಪರೀಕ್ಷೆಯ ತಾರೀಖನ್ನು ಯಾವ ಪ್ರವಾಸಿ ಆ್ಯಪೂ ಹೇಳುವುದಿಲ್ಲ, ಪತ್ರಿಕೆಯಲ್ಲಿ ನೋಡಿಕೊಳ್ಳಬೇಕು.

ವಾರದ ಲೆಕ್ಕವೂ ಬೇರೆಯೇ. ದಾಂಡೇಲಿ ರೆಸಾರ್ಟಿನಲ್ಲಿ ಶನಿವಾರ ದುಬಾರಿ, ಮಂಗಳವಾರ ಅಗ್ಗ. ಹುಬ್ಬಳ್ಳಿ-ಧಾರವಾಡದಲ್ಲಿ ಹೆಚ್ಚಾಗಿ ಇದು ತಿರುಗುಮುರುಗು. ಕಂಪನಿ ಕೆಲಸದವರು, ಔಷಧ ಮಾರುವ ರೆಪ್‌ಗಳು, ಧಾರವಾಡದ ಹೈಕೋರ್ಟ್ ಪೀಠಕ್ಕೆ ಬರುವ ವಕೀಲರು, ಕಕ್ಷಿದಾರರು ಎಲ್ಲ ಸೋಮವಾರದಿಂದ ಶುಕ್ರವಾರದ ಗಿರಾಕಿಗಳು. ಲಗ್ನವಿಲ್ಲದ ಶನಿವಾರ ರಾತ್ರಿ ದರ ಕೇಳಿ ನೋಡಿ, ಚೌಕಾಶಿಗೆ ಜಾಗ ಇರುತ್ತದೆ.

ಹೊಸದು ನಿಜಕ್ಕೂ ಹೊಸದೋ, ಬಣ್ಣ ಬಳಿದ ಹಳೆಯದೋ

‘ನೂತನ’ ಎಂಬ ಬೋರ್ಡಿನ ಕೆಳಗೆ ಮೂರು ಜಾತಿಯ ಹೋಟೆಲುಗಳಿರುತ್ತವೆ. ಬುನಾದಿಯಿಂದ ಕಟ್ಟಿದ್ದು ಒಂದು. ಹಳೆಯ ಲಾಡ್ಜಿಗೆ ಟೈಲ್ಸು, ಎಲ್‌ಇಡಿ ಪಟ್ಟಿ ಹಾಕಿ ಹೆಸರು ಬದಲಿಸಿದ್ದು ಇನ್ನೊಂದು. ಕಟ್ಟಡ ಅದೇ, ಹೆಸರು ಅದೇ, ನಡೆಸುವ ಕಂಪನಿ ಮಾತ್ರ ಹೊಸದು, ಇದು ಮೂರನೆಯದು. ಮೂರರಲ್ಲೂ ಒಳ್ಳೆಯವು ಇರುತ್ತವೆ. ಆದರೆ ಹೊಸದರ ದರ ತೆಗೆದುಕೊಂಡು ಹಳೆಯ ಪೈಪು ಕೊಡುವ ಎರಡನೆಯ ಜಾತಿಯ ಮೇಲೆ ಕಣ್ಣಿರಲಿ.

ಗೂಗಲ್ ಮ್ಯಾಪ್‌ನಲ್ಲಿ ಆ ಜಾಗ ತೆರೆದು ವಿಮರ್ಶೆಗಳನ್ನು ತೀರಾ ಈಚಿನವು ಮೇಲೆ ಬರುವಂತೆ ಜೋಡಿಸಿ. ಅಲ್ಲಿಂದ ಕೆಳಗೆ ಇಳಿಯುತ್ತ ಹೋಗಿ. ‘ಹೋದ ತಿಂಗಳು ಆರಂಭ’ ಎಂದು ಹೇಳಿಕೊಳ್ಳುವ ಹೋಟೆಲಿಗೆ ಐದು ವರ್ಷದ ಹಿಂದಿನ ವಿಮರ್ಶೆ ಸಿಕ್ಕರೆ ಸಂಗತಿ ತಿಳಿಯಿತು. ಗ್ರಾಹಕರು ಹಾಕಿದ ಫೋಟೊಗಳಲ್ಲಿ ರಿಸೆಪ್ಷನ್ ಬಿಡಿ, ಬಚ್ಚಲು ನೋಡಿ. ರಿಸೆಪ್ಷನ್‌ನ ಗ್ರಾನೈಟ್ ಎಲ್ಲರೂ ಹಾಕಿಸುತ್ತಾರೆ. ಕಮೋಡಿನ ಹಿಂದಿನ ಮೂಲೆ, ಷವರ್‌ನ ಬಾಯಿ, ಬಾಗಿಲ ಕೆಳತುದಿ ಇವು ಕಟ್ಟಡದ ವಯಸ್ಸು ಹೇಳುತ್ತವೆ. ಷವರ್‌ನ ಬಾಯಲ್ಲಿ ಬಿಳಿ ಉಪ್ಪು ಕಟ್ಟಿದ್ದರೆ ಬೋರ್‌ವೆಲ್ ನೀರು ಬಹಳ ದಿನದಿಂದ ಹರಿದಿದೆ ಎಂದರ್ಥ.

ಒಂದೇ ವಾರದಲ್ಲಿ ಸಾಲಾಗಿ ಐದು ನಕ್ಷತ್ರದ ವಿಮರ್ಶೆ ಬಿದ್ದಿದ್ದರೆ, ಪ್ರತಿಯೊಂದರಲ್ಲೂ ಒಬ್ಬನೇ ಸಿಬ್ಬಂದಿಯ ಹೆಸರಿದ್ದರೆ ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೂರು ನಕ್ಷತ್ರ ಕೊಟ್ಟು ಎರಡು ಸಾಲು ಬರೆದವನ ಮಾತಿಗೆ ಬೆಲೆ ಹೆಚ್ಚು. ‘ರೂಮು ಛಲೋ ಐತಿ, ಲಿಫ್ಟ್ ಬಂದ್ ಇತ್ತು’ ಎಂದು ಬರೆಯುವವನಿಗೆ ಯಾವ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಉದ್ಘಾಟನೆಯ ತಿಂಗಳಿಗೇ ಬುಕ್ ಮಾಡಬೇಡಿ. ಅತಿಥಿಗಳ ದಿನ ಸಿಗಲಿಲ್ಲ, ಲಿಫ್ಟಿನ ಪರವಾನಗಿ ಬರಲಿಲ್ಲ, ಎರಡನೇ ಮಹಡಿಯ ಕೆಲಸ ಮುಗಿಯಲಿಲ್ಲ ಎಂದು ತಾರೀಖು ಜಾರುತ್ತದೆ. ತೆರೆದರೂ ಮೇಲಿನ ಮಹಡಿಯಲ್ಲಿ ಟೈಲ್ಸ್ ಕೊಯ್ಯುವ ಮಷೀನಿನ ಸದ್ದು ಹಗಲಿಡೀ. ಬಣ್ಣದ, ಪ್ಲೈವುಡ್‌ನ ಘಾಟು ಆರಲು ತಿಂಗಳುಗಳೇ ಬೇಕು. ಉಬ್ಬಸ ಇದ್ದವರು, ಕೂಸು ಇರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆಸೆ ತಡೆಯದಿದ್ದರೆ ಹಣ ವಾಪಸು ಬರುವ ದರದಲ್ಲಿ ಮಾತ್ರ ಬುಕ್ ಮಾಡಿ. ರದ್ದು ಮಾಡಲು ಕೊನೆಯ ದಿನ ಯಾವುದೆಂದು ಬರೆದಿಟ್ಟುಕೊಳ್ಳಿ.

ಮ್ಯಾಪ್‌ನಲ್ಲಿ ಕಂಡ ಫೋನ್ ನಂಬರಿಗೆ ಕಣ್ಣುಮುಚ್ಚಿ ಯುಪಿಐ ಮಾಡಬೇಡಿ. ಹೋಟೆಲಿನ ಹೆಸರಿಗೆ ತಮ್ಮ ನಂಬರು ಅಂಟಿಸಿ ಅಡ್ವಾನ್ಸ್ ಹೊಡೆಯುವ ಮೋಸ ದೇಶದ ತುಂಬ ನಡೆದಿದೆ. ಹೊಸ ಹೋಟೆಲಿನ ನಂಬರು ಯಾರಿಗೂ ಬಾಯಿಪಾಠ ಇರುವುದಿಲ್ಲವಾದ್ದರಿಂದ ಅದೇ ಸಲೀಸು ಬೇಟೆ. ಹಣ ಕಳಿಸುವಾಗ ಖಾತೆಯ ಹೆಸರು ಹೋಟೆಲಿನದೋ, ಯಾರೋ ವ್ಯಕ್ತಿಯದೋ ನೋಡಿ. ಮೋಸವಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಯಾವ ರಸ್ತೆಯ ಮೇಲಿದೆ

ಹುಬ್ಬಳ್ಳಿಯಲ್ಲಿ ಹೊಸ ಹೋಟೆಲು ಎಂದರೆ ಮೊದಲು ಕೇಳಬೇಕಾದದ್ದು ‘ಯಾವ ರೋಡ್?’ ವಿಮಾನ ನಿಲ್ದಾಣ ಇರುವ ಗೋಕುಲ ರಸ್ತೆ, ಉಣಕಲ್ಲಿನಿಂದ ನವನಗರದ ಕಡೆಗೆ ಹೋಗುವ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆ, ಕೇಶ್ವಾಪುರ, ವಿದ್ಯಾನಗರ, ಬೈಪಾಸ್. ಒಂದೊಂದಕ್ಕೂ ಒಂದೊಂದು ಗುಣ.

ಕಾರಿಲ್ಲದೆ ಬರುವವರಿಗೆ ಪಿ.ಬಿ. ರಸ್ತೆಯೇ ಸರಿ. ಹುಬ್ಬಳ್ಳಿ-ಧಾರವಾಡದ ನಡುವೆ ತನ್ನದೇ ಪಥದಲ್ಲಿ ಓಡುವ ಚಿಗರಿ ಬಸ್ ಈ ರಸ್ತೆಯ ಮಧ್ಯದಲ್ಲೇ ಹೋಗುತ್ತದೆ. 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಶುರುವಾಗಿ 2020ರಲ್ಲಿ ಅಧಿಕೃತವಾಗಿ ಉದ್ಘಾಟನೆಯಾದ ಈ ಬಸ್ಸಿನ ದಾರಿ ಸುಮಾರು 22 ಕಿಲೋಮೀಟರ್. ಚಿಗರಿ ಸ್ಟೇಷನ್‌ನಿಂದ ನಡೆಯುವಷ್ಟು ಹತ್ತಿರ ಹೋಟೆಲಿದ್ದರೆ ಉಣಕಲ್ ಕೆರೆ, ಚಂದ್ರಮೌಳೇಶ್ವರ ಗುಡಿ, ಧಾರವಾಡದ ಪೇಡೆ, ಎಲ್ಲಕ್ಕೂ ಒಂದೇ ಬಸ್ಸು ಸಾಕು. ಆದರೆ ರಸ್ತೆ ದಾಟುವುದನ್ನು ಮರೆಯಬೇಡಿ. ಹೋಟೆಲು ಎದುರಿಗೇ ಕಂಡರೂ ಬೇಲಿ ಅಡ್ಡ ಇರುತ್ತದೆ. ಸೂಟ್‌ಕೇಸ್ ಎಳೆದುಕೊಂಡು ಸುತ್ತು ಹಾಕಬೇಕಾದೀತು.

ಬೈಪಾಸ್ ಮೇಲೆ ತಲೆಯೆತ್ತುತ್ತಿರುವ ಹೋಟೆಲುಗಳು ಫೋಟೊದಲ್ಲಿ ಚೆಂದ. ಹೊಲದ ನಡುವೆ ನಿಂತ ಗಾಜಿನ ಕಟ್ಟಡ, ಎದುರಿಗೆ ಆಕಾಶ. ಗಬ್ಬೂರಿನಿಂದ ನರೇಂದ್ರದವರೆಗಿನ ಈ ಬೈಪಾಸನ್ನು ಆರು ಪಥಕ್ಕೆ ಅಗಲ ಮಾಡುವ ಕೆಲಸ ಹಿಡಿದಿದ್ದಾರೆ. ಪುಣೆ, ಬೆಂಗಳೂರಿಗೆ ಹೋಗುತ್ತ ಒಂದು ರಾತ್ರಿ ಮಲಗಿ ಎದ್ದು ಹೋಗುವವರಿಗೆ ಒಳ್ಳೆಯ ಜಾಗ. ಊರು ನೋಡಲು ಬಂದವರಿಗಲ್ಲ. ಚಿಗರಿ ಬಸ್ಸು ಅಲ್ಲಿ ಬರುವುದಿಲ್ಲ, ರಾತ್ರಿ ಆಟೊದವನು ಹೇಳಿದ್ದೇ ರೇಟು. ಹೆದ್ದಾರಿ ಕಡೆಗಿನ ರೂಮಿನಲ್ಲಿ ಲಾರಿ ಹಾರ್ನು ಬೆಳಗಿನವರೆಗೂ ಬಿಡುವುದಿಲ್ಲ. ಹಿಂಬದಿಯ ರೂಮೇ ಬೇಕೆಂದು ಕೇಳಿ ಪಡೆಯಿರಿ.

ಚೆನ್ನಮ್ಮ ವೃತ್ತದ ಸುತ್ತಮುತ್ತ ಮೇಲ್ಸೇತುವೆ ಕಾಮಗಾರಿ ನಡೆದಿದೆ. ಆ ಭಾಗದ ಹೋಟೆಲು ಎಷ್ಟೇ ಹೊಸದಾಗಿರಲಿ, ಮುಂದಿನ ರಸ್ತೆ ಯಾವ ಸ್ಥಿತಿಯಲ್ಲಿದೆ ಎಂದು ಕೇಳಿಯೇ ಮುಂದುವರಿಯಿರಿ. ರೈಲಿನಲ್ಲಿ ಬರುವವರಿಗೆ ಒಂದು ಮಾತು. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 8ನೇ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು ಎಂದು 2023ರ ಮಾರ್ಚಿನಲ್ಲಿ ಉದ್ಘಾಟನೆಯಾದದ್ದು. ಹೆಮ್ಮೆ ಪಡೋಣ, ಜೊತೆಗೆ ವಯಸ್ಸಾದವರಿದ್ದರೆ ನಡೆಯುವ ದೂರವನ್ನೂ ಲೆಕ್ಕ ಹಾಕೋಣ. ‘ಸ್ಟೇಷನ್ನಿಂದ ಐದು ನಿಮಿಷ’ ಎಂದು ಹೋಟೆಲಿನವರು ಹೇಳುವುದು ಗೇಟಿನಿಂದ, ನಿಮ್ಮ ಬೋಗಿಯಿಂದಲ್ಲ.

ಇನ್ನು ಧಾರವಾಡ. ಸಪ್ತಾಪುರ, ಜ್ಯುಬಿಲಿ ಸರ್ಕಲ್ ಕಡೆ ಉಳಿದರೆ ಸಂಜೆ ಕಾಲ್ನಡಿಗೆಯಲ್ಲೇ ಊರು ಸಿಗುತ್ತದೆ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಏನಾದರೊಂದು ಕಾರ್ಯಕ್ರಮ ಇದ್ದೇ ಇರುತ್ತದೆ, ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತರೆ ಯಾರೂ ಕೇಳುವುದಿಲ್ಲ. ಸತ್ತೂರ ಕಡೆಯ ಹೋಟೆಲುಗಳು ಆಸ್ಪತ್ರೆಗೆ ಬಂದವರ ಬಂಧುಗಳಿಗೆ ಅನುಕೂಲ, ಸುತ್ತಾಡಲು ಬಂದವರಿಗೆ ದೂರ.

ಫೋನ್ ಮಾಡಿ ಕೇಳಿ

ಆ್ಯಪ್‌ನಲ್ಲಿ ದರ ನೋಡಿದ ಮೇಲೂ ಹೋಟೆಲಿಗೇ ಒಂದು ಫೋನ್ ಮಾಡಿ. ಮಾತು ಹೀಗೆ ಶುರುವಾಗಲಿ:

“ನಮಸ್ಕಾರ್ರಿ. ಹದಿನೆಂಟನೇ ತಾರೀಖಿಗೆ ಒಂದು ಡಬಲ್ ರೂಮ್ ಬೇಕಾಗಿತ್ರಿ. ಅವತ್ತ ನಿಮ್ಮ ಹಾಲ್‌ನ್ಯಾಗ ಏನರ ಕಾರ್ಯಕ್ರಮ ಐತೇನ್ರಿ?”

“ದೊಡ್ಡದೇನಿಲ್ರಿ ಸರ್. ಸಣ್ಣದೊಂದು ಕುಬಸ ಐತ್ರಿ, ಮಧ್ಯಾಹ್ನಕ್ಕ ಮುಗೀತೈತಿ.”

“ಡಿಜೆ ಗಿಜೆ ಇಲ್ಲಲ್ರಿ?”

“ಏ ಇಲ್ರಿ, ಹೆಣ್ಮಕ್ಕಳ ಹಾಡು ಅಷ್ಟ.”

ಕುಬಸ ಅಂದರೆ ಸೀಮಂತ, ಅದಕ್ಕೆ ಹೆದರಬೇಕಿಲ್ಲ. ಅದೃಷ್ಟ ಇದ್ದರೆ ಒಂದು ಹೋಳಿಗೆ ನಿಮಗೂ ಸಿಕ್ಕೀತು. ಉತ್ತರ ಕೊಡುವವನು ‘ತಡೀರಿ, ನೋಡಿ ಹೇಳ್ತೀನಿ’ ಎಂದು ಡೈರಿ ತೆಗೆದು ನೋಡಿದರೆ ಆ ಹೋಟೆಲು ನಂಬಬಹುದು. ಕೇಳುವ ಮೊದಲೇ ‘ಏನೂ ಇಲ್ರಿ, ಬರ್ರಿ’ ಅಂದರೆ ಎರಡನೇ ಸಲ ಬೇರೆ ವೇಳೆಯಲ್ಲಿ ಫೋನ್ ಮಾಡಿ ಬೇರೆಯವರನ್ನು ಕೇಳಿ.

ಎರಡನೇ ಪ್ರಶ್ನೆ ನೀರಿನದು, ಇದನ್ನು ನಾನು ಹಾಲ್‌ನಷ್ಟೇ ಗಟ್ಟಿಯಾಗಿ ಹಿಡಿಯುತ್ತೇನೆ. ಅವಳಿ ನಗರಕ್ಕೆ ನೀರು ಬರುವುದು ಮಲಪ್ರಭೆಯ ರೇಣುಕಾ ಸಾಗರದಿಂದ, ಒಂದು ಪಾಲು ನೀರಸಾಗರ ಕೆರೆಯಿಂದ. ಕೆಲವು ವಾರ್ಡುಗಳಲ್ಲಿ ಇಡೀ ದಿನ ನಳ ಬರುತ್ತದೆ, ಹಲವು ಕಡೆ ದಿನ ಬಿಟ್ಟು ದಿನವೂ ಇಲ್ಲ, ಇನ್ನೂ ತಡ. ಹೊಸ ಹೋಟೆಲು ಸಾಮಾನ್ಯವಾಗಿ ಊರಂಚಿನಲ್ಲಿ ಇರುವುದರಿಂದ ಬೋರ್‌ವೆಲ್, ಟ್ಯಾಂಕರ್ ಮೇಲೆಯೇ ಅದರ ಸಂಸಾರ. ‘ನಳದ ನೀರೇನ್ರಿ, ಬೋರಿನದೇನ್ರಿ?’ ಎಂದು ನೇರವಾಗಿ ಕೇಳಿ. ಬೋರಿನದಾದರೆ ಸೋಪು ನೊರೆ ಬರುವುದಿಲ್ಲ, ತಲೆ ತೊಳೆದರೆ ಕೂದಲು ಕಡ್ಡಿ. ನೀರು ಮೆದುಮಾಡುವ ಯಂತ್ರ ಹಾಕಿಸಿದ್ದಾರೆಯೇ ಕೇಳಿ, ಇಲ್ಲವೆಂದರೆ ಒಂದು ರಾತ್ರಿಗೆ ಅಡ್ಡಿಯಿಲ್ಲ, ಮೂರು ರಾತ್ರಿಗೆ ಬೇಡ.

ಬಿಸಿ ನೀರು ಸೋಲಾರ್‌ನದೋ ಗೀಸರ್‌ನದೋ ಎಂಬುದು ಆಷಾಢದಲ್ಲಿ ಹೋಗುವವರಿಗೆ ದೊಡ್ಡ ಪ್ರಶ್ನೆ. ಮೋಡ ಮುಚ್ಚಿದ ಧಾರವಾಡದಲ್ಲಿ ನಾಲ್ಕು ದಿನ ಸೂರ್ಯನ ಮುಖ ಕಾಣದಿದ್ದರೆ ಸೋಲಾರ್ ಟ್ಯಾಂಕಿನಲ್ಲಿ ಇರುವುದು ತಣ್ಣೀರೇ. ಪ್ರತಿ ರೂಮಿಗೂ ಗೀಸರ್ ಇದೆಯೇ, ಕರೆಂಟು ಹೋದಾಗ ಜನರೇಟರ್ ಮೇಲೆ ಲಿಫ್ಟು, ಎಸಿ, ಗೀಸರ್ ಮೂರೂ ನಡೆಯುತ್ತವೆಯೇ ಅಥವಾ ಬರೀ ಬಲ್ಬು ಫ್ಯಾನೇ? ಗಾಳಿ-ಮಳೆಗೆ ಹೆಸ್ಕಾಂ ಲೈನು ಬೀಳುವುದು ಹೊಸ ಸುದ್ದಿಯೇನಲ್ಲ.

ಮೂರನೆಯದು ಚೆಕ್‌ಔಟ್. ಸ್ಟೇಷನ್ ರಸ್ತೆಯ ಹಳೆಯ ಲಾಡ್ಜುಗಳಲ್ಲಿ 24 ತಾಸಿನ ಲೆಕ್ಕ, ಬೆಳಗ್ಗೆ ಆರಕ್ಕೆ ಬಂದರೆ ಮರುದಿನ ಆರರವರೆಗೆ ರೂಮು ನಿಮ್ಮದು. ಹೊಸ ಹೋಟೆಲುಗಳು ಮಧ್ಯಾಹ್ನ 12 ಇಲ್ಲವೇ 2ಕ್ಕೆ ರೂಮು ಕೊಟ್ಟು ಮರುದಿನ 11ಕ್ಕೆ ಬಿಡಿಸುತ್ತವೆ. ರಾತ್ರಿ ರೈಲಿಗೆ ಬೆಂಗಳೂರು ಬಿಟ್ಟು ನಸುಕಿನಲ್ಲಿ ಇಳಿಯುವವರು ಇದನ್ನು ಗಮನಿಸದಿದ್ದರೆ ಲಾಬಿಯ ಸೋಫಾದ ಮೇಲೆ ಅರ್ಧ ದಿನ ಕಳೆಯಬೇಕು. ಬೇಗ ರೂಮು ಕೊಡಲು ಎಷ್ಟು ಹೆಚ್ಚು ಕೇಳುತ್ತಾರೆ, ಮೊದಲೇ ಮಾತಾಡಿ. ಅಥವಾ 2023ರಲ್ಲಿ ಶುರುವಾದ ವಂದೇ ಭಾರತ್‌ನಲ್ಲಿ ಬನ್ನಿ, ಹಗಲಿನಲ್ಲೇ ಇಳಿಯುತ್ತೀರಿ.

ಬೆಳಗಿನ ತಿಂಡಿ ಸೇರಿದ ದರ ತೆಗೆದುಕೊಳ್ಳಬೇಡಿ. ಹುಬ್ಬಳ್ಳಿಗೆ ಬಂದು ಬಫೆಯ ಉಪ್ಪಿಟ್ಟು, ಕಾರ್ನ್‌ಫ್ಲೇಕ್ಸ್ ತಿನ್ನುವುದು ಪಾಪ. ಹೊರಗೆ ಇಡ್ಲಿ-ವಡಾ, ಸಂಜೆಗೆ ಗಿರ್ಮಿಟ್-ಮಿರ್ಚಿ, ಮಧ್ಯಾಹ್ನ ಖಾನಾವಳಿಯ ಜೋಳದ ರೊಟ್ಟಿ, ಎಣ್ಣೆಗಾಯಿ, ಮಾಂಸ ತಿನ್ನುವವರಿಗೆ ಸಾವಜಿ ಖಾನಾವಳಿ. ಇವೆಲ್ಲ ಇರುವಾಗ ತಿಂಡಿಯ ದುಡ್ಡು ಉಳಿಸಿ.

ತೆರಿಗೆಯ ಒಂದು ಸಣ್ಣ ಗಣಿತ

ಆ್ಯಪ್‌ನಲ್ಲಿ ಕಾಣುವ ದಪ್ಪ ಅಕ್ಷರದ ದರಕ್ಕೆ ಹೆಚ್ಚಾಗಿ ಜಿಎಸ್‌ಟಿ ಸೇರಿರುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ 5, ಅದಕ್ಕಿಂತ ಮೇಲಿನದಕ್ಕೆ ಶೇ 18. ಗಡಿಯ ಎರಡೂ ಬದಿ ನೋಡಿ: 7,400ರ ರೂಮು ತೆರಿಗೆ ಸೇರಿ 7,770 ರೂಪಾಯಿ, 7,600ರದ್ದು 8,968. ದರದಲ್ಲಿ 200 ವ್ಯತ್ಯಾಸ, ಕೈಯಿಂದ ಹೋಗುವುದರಲ್ಲಿ 1,198. ನಮ್ಮ ಕಡೆಯ ಬಹುತೇಕ ರೂಮುಗಳು ಈ ಗಡಿಯ ಕೆಳಗೇ ಇರುತ್ತವೆ. ಲಗ್ನದ ದಿನಗಳಲ್ಲಿ ದೊಡ್ಡ ಸೂಟ್ ರೂಮು ಹಿಡಿಯುವವರು ಮಾತ್ರ ಹುಷಾರು. ಹಿಂದಿನ ಹಣಕಾಸು ವರ್ಷದಲ್ಲಿ 7,500ಕ್ಕೂ ಮೇಲಿನ ದರದಲ್ಲಿ ರೂಮು ಕೊಟ್ಟ ಹೋಟೆಲಿನೊಳಗಿನ ರೆಸ್ಟೊರೆಂಟಿನಲ್ಲಿ ಊಟಕ್ಕೂ ಶೇ 18 ಬೀಳುತ್ತದೆ, ಉಳಿದ ಕಡೆ ಶೇ 5. ಬಾಗಿಲ ಹೊರಗಿನ ಖಾನಾವಳಿಗೆ ಹೋಗಲು ಇದು ಇನ್ನೊಂದು ಕಾರಣ.

ಊಟದ ಬಿಲ್ಲಿನಲ್ಲಿ ‘ಸರ್ವಿಸ್ ಚಾರ್ಜ್’ ಎಂದು ತಾನಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ಕಂಡರೆ ತೆಗೆಯಿರಿ ಅನ್ನಿ, ಜಗಳ ಬೇಡ. ಹುಡುಗನ ಕೈಗೆ ನೇರವಾಗಿ ಭಕ್ಷೀಸು ಕೊಡಿ.

ಗುರುತಿನ ಚೀಟಿ ಪ್ರತಿ ದೊಡ್ಡವರದ್ದೂ ಬೇಕು. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮರೆಮಾಡಿದ ಪ್ರತಿಯನ್ನು ಯುಐಡಿಎಐ ತಾಣದಿಂದ ಇಳಿಸಿಕೊಂಡು ಇಟ್ಟುಕೊಳ್ಳಿ.

ಕೀಲಿ ಕೈಗೆ ಬಂದ ಮೇಲೆ

ಬ್ಯಾಗು ಇಳಿಸುವ ಮೊದಲು ನೋಡಬೇಕಾದ್ದನ್ನು ನೋಡಿ. ನಿಜವಾಗಿ ಹೊರಗೆ ತೆರೆಯುವ ಕಿಟಕಿ ಇದೆಯೇ? ಇಕ್ಕಟ್ಟು ಸೈಟಿನಲ್ಲಿ ಎದ್ದ ಹೊಸ ಕಟ್ಟಡಗಳಲ್ಲಿ ಪರದೆ ಸರಿಸಿದರೆ ಗೋಡೆ ಕಾಣುವುದುಂಟು. ಬಚ್ಚಲಿನಲ್ಲಿ ಒಂದು ಬಕೆಟ್ ನೀರು ಸುರಿದು ಎತ್ತ ಹರಿಯುತ್ತದೆ ನೋಡಿ, ಇಳಿಜಾರು ತಪ್ಪಿದ್ದರೆ ನೀರು ರೂಮಿನ ಕಡೆಗೇ ಬರುತ್ತದೆ. ಮೆಟ್ಟಿಲು ಎಲ್ಲಿದೆ, ಅದರ ಬಾಗಿಲಿಗೆ ಕೀಲಿ ಹಾಕಿಲ್ಲವಷ್ಟೇ ಎಂಬುದನ್ನು ಕಣ್ಣಾರೆ ನೋಡಿ ಬನ್ನಿ. ಲಿಫ್ಟಿನ ಹೊಳಪಿಗೆ ಮಾರುಹೋದವರು ಬೆಂಕಿಯ ಹೊತ್ತಿಗೆ ಬೇಕಾಗುವ ಮೆಟ್ಟಿಲನ್ನು ನೋಡುವುದೇ ಇಲ್ಲ. ಮೆಟ್ಟಿಲ ಮೇಲೆ ಮದುವೆ ಹಾಲ್‌ನ ಕುರ್ಚಿಗಳನ್ನು ಪೇರಿಸಿಟ್ಟಿದ್ದರೆ ಮ್ಯಾನೇಜರ್‌ಗೆ ಹೇಳಿ. ಹೇಳಿದರೂ ಸರಿಸದಿದ್ದರೆ ಕೆಳಗಿನ ಮಹಡಿಯ ರೂಮು ಕೇಳಿ.

ತಪ್ಪು ಕಂಡರೆ ಆಗಲೇ ಹೇಳಿ, ಸಂಜೆಯೊಳಗೆ. ಹೊಸ ಹೋಟೆಲಿನವರಿಗೆ ಒಳ್ಳೆಯ ಹೆಸರಿನ ಹಸಿವು ಇರುತ್ತದೆ, ರೂಮು ಬದಲಿಸಿಕೊಡುತ್ತಾರೆ. ಮನೆಗೆ ಹೋಗಿ ಒಂದು ನಕ್ಷತ್ರ ಕೊಡುವುದಕ್ಕಿಂತ ಇದು ನಿಮಗೂ ಅವರಿಗೂ ಮೇಲು.

ಗದಗ

ಹುಬ್ಬಳ್ಳಿಯಿಂದ 60 ಕಿಲೋಮೀಟರ್‌ನಷ್ಟೇ ಆದ್ದರಿಂದ ಹೆಚ್ಚಿನವರು ಗದಗನ್ನು ಹಗಲಿನಲ್ಲಿ ಮುಟ್ಟಿ ವಾಪಸಾಗುತ್ತಾರೆ. ಆ ಊರಿಗೆ ಇದು ಅನ್ಯಾಯ. ಅಲ್ಲಿ ರಾತ್ರಿ ಉಳಿದರೆ ಬೆಳಗಿನ ಎಳೆ ಬಿಸಿಲಿಗೆ 12 ಕಿಲೋಮೀಟರ್ ದೂರದ ಲಕ್ಕುಂಡಿ ನಿಮ್ಮದು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಕೆತ್ತನೆ, ಮೆಟ್ಟಿಲು ಬಾವಿಗಳು, ಇವಕ್ಕೆ ಓರೆಯಾಗಿ ಬೀಳುವ ಬೆಳಕು ಬೇಕು. ಹುಬ್ಬಳ್ಳಿಯಿಂದ ತಿಂಡಿ ತಿಂದು ಹೊರಟವರಿಗೆ ಸಿಗುವುದು ನೆತ್ತಿಯ ಬಿಸಿಲು. ತ್ರಿಕೂಟೇಶ್ವರ, ಕುಮಾರವ್ಯಾಸನ ನೆನಪಿನ ವೀರನಾರಾಯಣ ಗುಡಿ ಊರೊಳಗೇ ಇವೆ, ಸಂಜೆಗೆ ಇಟ್ಟುಕೊಳ್ಳಿ.

ಮುಳಗುಂದ ನಾಕಾ, ಹುಬ್ಬಳ್ಳಿ ರಸ್ತೆ, ಪಾಲಾ-ಬಾದಾಮಿ ರಸ್ತೆ, ಹೊಸ ಕಟ್ಟಡಗಳನ್ನು ಇಲ್ಲಿ ಹುಡುಕಿ. ಐದು ನಕ್ಷತ್ರದ ಥಳಕು ಗದಗಿನಲ್ಲಿ ಬೇಡ. ಅಚ್ಚುಕಟ್ಟಾದ ಹೊಸ ಲಾಡ್ಜೇ ಸಾಕು. ನೀರಿನ ಪ್ರಶ್ನೆಯನ್ನು ಮಾತ್ರ ಇಲ್ಲಿ ಎರಡು ಸಲ ಕೇಳಿ. ತುಂಗಭದ್ರೆಯಿಂದ ಹಮ್ಮಿಗಿ ಕಡೆಯಿಂದ ನೀರು ಬರಬೇಕು, ಬೇಸಿಗೆಯಲ್ಲಿ ಗದಗ-ಬೆಟಗೇರಿಯವರ ಮಾತೆಲ್ಲ ನಳದ ಸುತ್ತಲೇ. ಏಪ್ರಿಲ್-ಮೇನಲ್ಲಿ ಹೋಗುವವರು ಹೋಟೆಲಿನ ಸಂಪು ಎಷ್ಟು ದೊಡ್ಡದು ಎಂದು ಕೇಳಿದರೂ ತಪ್ಪಿಲ್ಲ. ಇನ್ನೊಂದು, ಆಷಾಢದಲ್ಲಿ ಇಲ್ಲಿ ಮಳೆಗಿಂತ ಗಾಳಿ ಜೋರು. ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಸ್ಲೈಡಿಂಗ್ ಕಿಟಕಿ ಸಡಿಲ ಇದ್ದರೆ ರಾತ್ರಿಯಿಡೀ ಗಡಗಡ, ಮಡಚಿದ ಕಾಗದವೊಂದನ್ನು ಸಂದಿಗೆ ಸಿಕ್ಕಿಸಿ ಮಲಗಿ.

ಚಳಿಗಾಲದಲ್ಲಿ ಹೋಗುವವರ ಗುರಿ ಮಾಗಡಿ ಕೆರೆ. ಶಿರಹಟ್ಟಿ ತಾಲೂಕಿನ ಈ ಕೆರೆಗೆ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಅದು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಹಕ್ಕಿಗಳು ಹೊಲಕ್ಕೆ ಹಾರುವ ಮೊದಲೇ ಕೆರೆಯ ದಂಡೆಯಲ್ಲಿ ಇರಬೇಕಾದ್ದರಿಂದ ಗದಗ ಇಲ್ಲವೇ ಲಕ್ಷ್ಮೇಶ್ವರದಲ್ಲೇ ರಾತ್ರಿ ಉಳಿಯಬೇಕು. ಲಕ್ಷ್ಮೇಶ್ವರದಲ್ಲಿ ಉಳಿದರೆ ಸೋಮೇಶ್ವರ ಗುಡಿಯ ಲಾಭ. ರಿಸೆಪ್ಷನ್‌ನಲ್ಲಿ ಹಿಂದಿನ ರಾತ್ರಿಯೇ ಹೇಳಿಡಿ, ಇಲ್ಲದಿದ್ದರೆ ಬೆಳಗ್ಗೆ ಐದಕ್ಕೆ ಶಟರ್ ಎಳೆದು ಮಲಗಿದ ಹುಡುಗನನ್ನು ಎಬ್ಬಿಸುವುದೇ ಒಂದು ಸಾಹಸ.

ಹಾವೇರಿ

ಹಾವೇರಿ ಜಿಲ್ಲೆಯಲ್ಲಿ ನೋಡುವ ಜಾಗಗಳು ಹೆದ್ದಾರಿಗೆ ಹೂವು ಕಟ್ಟಿದ ಹಾಗೆ ಉದ್ದಕ್ಕೆ ಇವೆ. ಶಿಗ್ಗಾಂವಿ ಹತ್ತಿರ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್, ಪಕ್ಕದಲ್ಲೇ ಜಾನಪದ ವಿಶ್ವವಿದ್ಯಾಲಯ, ಕನಕದಾಸರ ಹುಟ್ಟೂರು ಬಾಡ, ಆಮೇಲೆ ಬಂಕಾಪುರದ ಕೋಟೆ. ಕೋಟೆಯೊಳಗೆ ಅರವತ್ತು ಕಂಬದ ನಗರೇಶ್ವರ ಗುಡಿ, ಸುತ್ತ ನವಿಲು. ಅಲ್ಲಿಂದ ಹಾವೇರಿಯ ಸಿದ್ಧೇಶ್ವರ ಗುಡಿ. ಬಲಕ್ಕೆ ಹಾನಗಲ್ಲಿನ ತಾರಕೇಶ್ವರ, ಮುಂದೆ ಕಾಗಿನೆಲೆ, ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ.

ಹೀಗಿರುವಾಗ ಹಾವೇರಿ ಊರೊಳಗಿನ ಹೊಸ ಹೋಟೆಲಿಗಿಂತ ಹೆದ್ದಾರಿಯ ಬದಿಯದು ಕಾರಿನವರಿಗೆ ಅನುಕೂಲ. ಬಸ್ಸಿನವರಿಗೆ ಊರೊಳಗಿನದೇ ಸರಿ. ಹೆದ್ದಾರಿ ಹೋಟೆಲಿನಲ್ಲಿ ಬಾರ್ ಎಲ್ಲಿದೆ, ರೂಮುಗಳಿಗೆ ಬೇರೆ ದಾರಿ ಇದೆಯೇ ಎಂದು ಕೇಳಿ. ಕುಟುಂಬದೊಂದಿಗೆ ಹೋಗುವವರಿಗೆ ಇಡೀ ರಾತ್ರಿಯ ಸುಖದುಃಖ ಇದರ ಮೇಲೆ ನಿಂತಿರುತ್ತದೆ. ಹೆದ್ದಾರಿಯಿಂದ ಇಳಿಯುವ ಸರ್ವಿಸ್ ರಸ್ತೆ ನೀವು ಬರುವ ದಿಕ್ಕಿಗೇ ಇದೆಯೇ ಎಂಬುದನ್ನೂ ಮ್ಯಾಪ್‌ನಲ್ಲಿ ನೋಡಿ. ಹೋಟೆಲು ಕಣ್ಣೆದುರಿಗೇ ದಾಟಿಹೋದರೆ ಮುಂದಿನ ಅಂಡರ್‌ಪಾಸ್‌ವರೆಗೆ ಹೋಗಿ ತಿರುಗಿ ಬರಬೇಕು.

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ನೋಡುವ ಆಸೆ ಇದ್ದರೆ ಜನವರಿಯಿಂದ ಮಾರ್ಚ್ ಒಳಗೆ ಹೋಗಿ. ವಹಿವಾಟು ಸೋಮವಾರ, ಗುರುವಾರ. ಹಿಂದಿನ ರಾತ್ರಿ, ಅಂದರೆ ಭಾನುವಾರ ಮತ್ತು ಬುಧವಾರ, ವ್ಯಾಪಾರಸ್ಥರಿಂದ ಬ್ಯಾಡಗಿಯ ಲಾಡ್ಜುಗಳು ತುಂಬಿರುತ್ತವೆ, ಹಾವೇರಿ ಅಥವಾ ರಾಣೇಬೆನ್ನೂರಿನಲ್ಲಿ ಮೊದಲೇ ರೂಮು ಹಿಡಿದಿಡಿ. ಯಾರ್ಡಿನ ಘಾಟಿಗೆ ಮೂಗಿಗೆ ಕಟ್ಟಲು ಒಂದು ವಸ್ತ್ರ ಬೇಕು. ಕೊಂಡ ಮೆಣಸಿನಕಾಯಿಯನ್ನು ಮಾತ್ರ ರೂಮಿನ ಎಸಿಯ ಕೆಳಗೆ ಇಡಬೇಡಿ, ಕಾರಿನ ಡಿಕ್ಕಿಯಲ್ಲೇ ಇರಲಿ.